ನೀರಿನ ಹಿಂದೆ ಅಪ್ಪ

2023 ಜುಲೈ 23, ಭಾನುವಾರ

ನಿನ್ನೆ ಅಪ್ಪನ ಉತ್ತರಕ್ರಿಯೆ ಮುಗಿಯಿತು. ಇವತ್ತು ಬೆಳಿಗ್ಗೆ ಶಾಮಿಯಾನದವರು ಬಂದು ಕಂಬ ಕಿತ್ತುಕೊಂಡು ಹೋದರು. ಅಂಗಳದಲ್ಲಿ ಕಂಬ ನೆಟ್ಟ ಗುಂಡಿಗಳಲ್ಲಿ ಮಳೆ ನೀರು ನಿಂತಿದೆ. ಈ ತಿಂಗಳ ಮೊದಲ ವಾರ ಶಾಲೆಗಳಿಗೆಲ್ಲ ರಜೆ ಸಾರುವಷ್ಟು ಮಳೆ ಸುರಿಯಿತಲ್ಲ, ಆ ಮಳೆಯಲ್ಲೇ ಹೋದರು. ರಾತ್ರಿ ಎದೆ ಹಿಡಿದಂತಾಗುತ್ತದೆ ಎಂದರಂತೆ. ಅಮ್ಮ ಒಲೆ ಹಚ್ಚಿ ನೀರು ಬಿಸಿ ಮಾಡಿ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅರವತ್ತೇಳು ವರ್ಷ.

ಊಟಕ್ಕೆ ಬಂದವರಲ್ಲಿ ಅರ್ಧ ಜನ ಅಪ್ಪ ಗೋಡೆ ಕಟ್ಟಿಕೊಟ್ಟ ಮನೆಯವರು. ಇನ್ನರ್ಧ ಕಂಬಳದವರು. ಸಿದ್ಧಕಟ್ಟೆಯಿಂದ ವೇಣೂರಿನವರೆಗೆ ಅಪ್ಪನನ್ನು ಹೆಸರಿನಿಂದ ಕರೆದವರು ಕಡಿಮೆ. ಎಲ್ಲರಿಗೂ ಅವರು 'ಕನೆಹಲಗೆಯ ಮೇಸ್ತ್ರಿ'. ಕೆಂಪುಕಲ್ಲಿನ ಗೋಡೆ ಕಟ್ಟುವುದು ಹೊಟ್ಟೆಪಾಡು. ಕೋಣ ಓಡಿಸುವುದು ಅವರ ಪ್ರಾಣ. ಅದರಿಂದ ಮನೆಗೆ ದುಡ್ಡು ಬರಲಿಲ್ಲ, ಬರಬೇಕೆಂದು ಅವರು ಬಯಸಲೂ ಇಲ್ಲ.

ಅಪ್ಪ ಓಡಿಸುತ್ತಿದ್ದದ್ದು ಗುತ್ತಿನ ಮನೆಯ ಕೋಣಗಳನ್ನು. ಆ ಮನೆಯ ಹಿರಿಯರು ಕೋಲೂರಿಕೊಂಡು ಬಂದು ಜಗಲಿಯಲ್ಲಿ ತುಂಬ ಹೊತ್ತು ಸುಮ್ಮನೆ ಕೂತಿದ್ದರು. ಏಳುವಾಗ ನನ್ನ ತಲೆ ಮುಟ್ಟಿ ಹೇಳಿದರು: "ನಿನ್ನ ಅಪ್ಪ ಹಲಗೆ ಮೇಲೆ ನಿಂತರೆ ನಿಶಾನೆಯ ಬಟ್ಟೆ ಹಿಂಡಬೇಕಾಗ್ತಿತ್ತು ಮಗಾ. ಬರೀ ತಾಗಿಸಿದ್ದಲ್ಲ, ನೆನೆಸಿದ್ದು."

ಎಲ್ಲರೂ ಹೋದ ಮೇಲೆ ಈ ಪುಸ್ತಕ ತೆರೆದಿದ್ದೇನೆ. ಆರನೇ ಕ್ಲಾಸಿನಲ್ಲಿರುವ ನನ್ನ ಮಗ ಮುಂದೆ ಎಂದಾದರೂ ಓದಲಿ ಎಂದು ಬಿಡಿಸಿ ಬರೆಯುತ್ತೇನೆ.

ಆಗಸ್ಟ್ 27, ಭಾನುವಾರ

ಮೂಡುಬಿದಿರೆಯಿಂದ ಮತ್ತೆ ಅಮ್ಮನ ಹತ್ತಿರ ಬಂದೆವು. ಅಟ್ಟ ಗುಡಿಸಲು ಹತ್ತಿದ ತಮ್ಮ ಗೋಣಿಯಲ್ಲಿ ಸುತ್ತಿದ್ದ ಹಲಗೆಯನ್ನು ಕೆಳಗಿಳಿಸಿದ. ಗುತ್ತಿನವರು ಹೊಸದು ಮಾಡಿಸಿದಾಗ ಅಪ್ಪನಿಗೆ ಕೊಟ್ಟ ಹಳೆಯ ಕನೆಹಲಗೆ ಅದು.

ಕಂಬಳ ಎಂದರೆ ಒಂದೇ ಓಟ ಎಂದುಕೊಂಡವರಿದ್ದಾರೆ. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂದು ಬೇರೆ ಬೇರೆ ವಿಭಾಗಗಳಿವೆ. ಹಗ್ಗದಲ್ಲೂ ನೇಗಿಲಿನಲ್ಲೂ ಹಿರಿಯ, ಕಿರಿಯ ಎಂದು ಕೋಣಗಳಿಗೆ ತಕ್ಕಂತೆ ಪಾಲು. ಇವುಗಳಲ್ಲಿ ನೋಡುವುದು ವೇಗವನ್ನು. ಕರೆ ಎಂದರೆ ಕೋಣಗಳು ಓಡುವ ಕೆಸರಿನ ದಾರಿ; ಎರಡು ಕರೆಗಳಲ್ಲಿ ಎರಡು ಜೋಡಿ ಬಿಡುತ್ತಾರೆ, ಕೊನೆಯಲ್ಲಿರುವ ಮಂಜೊಟ್ಟಿಯನ್ನು ಮೊದಲು ಮುಟ್ಟಿದವರು ಗೆದ್ದಂತೆ. ಕನೆಹಲಗೆಯ ದಾರಿಯೇ ಬೇರೆ. ನೊಗಕ್ಕೆ ಕಟ್ಟಿದ ಉದ್ದ ಮರದ ತುದಿಯಲ್ಲಿ ತೂತುಗಳಿರುವ ಒಂದು ಸಣ್ಣ ಹಲಗೆ. ಅದರ ಮೇಲೆ ಒಂಟಿ ಕಾಲಿನಲ್ಲಿ ನಿಲ್ಲಬೇಕು. ಕೋಣಗಳು ಓಡುವಾಗ ಹಲಗೆ ಕೆಸರುನೀರನ್ನು ಸೀಳುತ್ತದೆ, ತೂತುಗಳಿಂದ ನೀರು ಚಿಮ್ಮಿ ಮೇಲೇಳುತ್ತದೆ. ಕರೆಗೆ ಅಡ್ಡಲಾಗಿ ಎತ್ತರದಲ್ಲಿ ಕಟ್ಟಿದ ಬಟ್ಟೆಯ ನಿಶಾನೆಗೆ ಆ ನೀರು ಮುಟ್ಟಬೇಕು. ಆರೂವರೆ ಕೋಲು ಎತ್ತರಕ್ಕೊಂದು, ಏಳೂವರೆ ಕೋಲು ಎತ್ತರಕ್ಕೊಂದು. ಇಲ್ಲಿ ಸೆಕೆಂಡಿನ ಲೆಕ್ಕವಿಲ್ಲ. ನೀರು ಎಷ್ಟು ಎತ್ತರಕ್ಕೆ ಹಾರಿತು ಎಂಬುದೇ ಲೆಕ್ಕ.

ಓಡುವವನಿಗೆ ತನ್ನ ಕಾಲಿನ ಮೇಲೆ ಭರವಸೆ ಇದ್ದರೆ ಸಾಕು. ಹಲಗೆಯ ಮೇಲೆ ನಿಂತವನು ತನ್ನ ತೂಕವನ್ನೆಲ್ಲ ಒಂದು ಪಾದದ ಕೆಳಗೆ ಇಟ್ಟು, ಎಷ್ಟು ಒತ್ತಬೇಕು, ಎಲ್ಲಿ ಸಡಿಲಿಸಬೇಕು ಎಂದು ಆ ಕೆಲವೇ ಕ್ಷಣಗಳಲ್ಲಿ ತಿಳಿಯಬೇಕು. ಹೆಚ್ಚು ಒತ್ತಿದರೆ ಹಲಗೆ ಕೆಸರಿಗೆ ಕಚ್ಚುತ್ತದೆ, ಕೋಣಗಳಿಗೆ ಭಾರ. ಹಗುರಾದರೆ ನೀರು ಏಳುವುದೇ ಇಲ್ಲ. ಅದಕ್ಕೇ ಇರಬೇಕು, ಕನೆಹಲಗೆಗೆ ಬರುವ ಜೋಡಿಗಳು ಬೆರಳೆಣಿಕೆಯಷ್ಟು.

ಹಲಗೆಯನ್ನು ಮಡಿಲಿನಲ್ಲಿಟ್ಟುಕೊಂಡು ನೋಡಿದೆ. ತೂತುಗಳ ಅಂಚು ನೀರು ಹಾದು ಹಾದು ನುಣುಪಾಗಿ, ಬೆರಳಿಟ್ಟರೆ ಜಾರುವಂತಿದೆ. ನಡುವೆ ಮರ ತುಸು ತಗ್ಗಿದೆ. ಹಿಮ್ಮಡಿ ನಿಂತ ಜಾಗದಲ್ಲಿ ಆಳ, ಬೆರಳುಗಳ ಕಡೆಗೆ ಬಂದಂತೆ ಕಡಿಮೆ. ಎಡಗಾಲು. ಮಗ ತನ್ನ ಪಾದವನ್ನು ಅದರ ಮೇಲಿಟ್ಟು, "ಅಜ್ಜನ ಕಾಲು ಇಷ್ಟು ದೊಡ್ಡದಾ ಅಮ್ಮಾ?" ಎಂದ. ಅಮ್ಮ ಒಳಗಿಂದ ಬಂದವರು ಒಂದು ನಿಮಿಷ ನಿಂತು ನೋಡಿದರು. "ಅದಕ್ಕೆ ಸ್ವಲ್ಪ ಎಣ್ಣೆ ಹಚ್ಚು, ಒಣಗಿದೆ" ಎಂದು ತಮ್ಮನಿಗೆ ಹೇಳಿ ಒಳಗೆ ಹೋದರು.

ಸೆಪ್ಟೆಂಬರ್ 10

ಅಮ್ಮನ ಫೋನ್. ಬೀಡಿ ಎಲೆ ಕತ್ತರಿಸಲು ಈಗ ಜನ ಇಲ್ಲ ಎಂದರು. ಅಷ್ಟೇ ಹೇಳಿದ್ದು. ಫೋನ್ ಇಟ್ಟ ಮೇಲೆ ನಾನು ಅಡುಗೆಮನೆಯಲ್ಲಿ ಕೂತು ಅತ್ತೆ.

ಸೆಪ್ಟೆಂಬರ್ 24, ಭಾನುವಾರ

ಎಲೆ ಕತ್ತರಿಸುವ ವಿಷಯ ಬರೆಯಲೇಬೇಕು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಕಂಬಳದಲ್ಲಿ ಅಪ್ಪ ಹಲಗೆಯಿಂದ ಬಿದ್ದರು. ಮೊಣಕಾಲು ತಿರುಚಿತು. ಮಂಜೊಟ್ಟಿಯಲ್ಲಿದ್ದವರು ಎತ್ತಿಕೊಂಡು ಜೀಪಿನಲ್ಲಿ ಹಾಕಿ ಕರೆತಂದರು. ಪಟ್ಟಿ ಬಿಗಿದು ಮೂರು ತಿಂಗಳು ಕಾಲು ಊರಬಾರದು ಎಂದಿದ್ದರು. ಕೆಲಸವಿಲ್ಲದ ಮೇಸ್ತ್ರಿಗೆ ಸಂಬಳ ಎಲ್ಲಿಯದು? ಬಂಟ್ವಾಳ, ಬೆಳ್ತಂಗಡಿ ಕಡೆಯ ಎಷ್ಟೋ ಮನೆಗಳಂತೆ ನಮ್ಮ ಮನೆಯೂ ಆಗ ನಡೆದದ್ದು ಅಮ್ಮನ ಬೀಡಿ ಕಟ್ಟುವ ತಡ್ಪೆಯಿಂದ. ಅಮ್ಮ ಬೆಳಿಗ್ಗೆಯಿಂದ ರಾತ್ರಿವರೆಗೆ ಬೀಡಿ ಕಟ್ಟಿದರು. ಕಟ್ಟುವುದಕ್ಕಿಂತ ಮೊದಲು ಎಲೆ ನೆನೆಸಿ, ಅಳತೆಗೆ ಕತ್ತರಿಸಬೇಕು. ಅದೇ ಅರ್ಧ ದಿನದ ಕೆಲಸ.

ಎರಡನೇ ವಾರ ಅಪ್ಪ ಚಾಪೆಯ ಮೇಲೆ ಕಾಲು ಚಾಚಿಕೊಂಡೇ ಕತ್ತರಿ ಕೇಳಿದರು. ಅಮ್ಮ ಕೊಡಲಿಲ್ಲ. ಗಂಡಸರು ಬೀಡಿ ಎಲೆ ಹಿಡಿದು ಕೂರುವುದನ್ನು ನೆರೆಕರೆಯವರು ನೋಡಿದರೆ ಏನೆಂದಾರು ಎಂದು ಅವರ ಸಂಕೋಚ. "ಕನೆಹಲಗೆಯಿಂದ ಬಿದ್ದದ್ದನ್ನು ಸಾವಿರಾರು ಜನ ನೋಡಿದ್ದಾರೆ, ಇದನ್ನು ನಾಲ್ಕು ಜನ ನೋಡಲಿ" ಎಂದರು ಅಪ್ಪ. ಕಲ್ಲಿನ ಚೂರು, ಸಿಮೆಂಟು ಹಿಡಿದು ಒರಟಾದ ಆ ಕೈಯಲ್ಲಿ ಎಲೆಗಳು ಮೊದಮೊದಲು ಹರಿಯುತ್ತಿದ್ದವು. ಆಮೇಲೆ ಎಷ್ಟು ಕುದುರಿತೆಂದರೆ, ನಾನು ಓದುತ್ತ ಕೂತರೆ ಪಕ್ಕದಲ್ಲಿ ಕತ್ತರಿಯ ಸದ್ದು ಗಡಿಯಾರದ ಹಾಗೆ ಬರುತ್ತಿತ್ತು.

ಕಾಲು ಸರಿಯಾದ ಮೇಲೂ ಅವರು ಬಿಡಲಿಲ್ಲ. ಸಂಜೆ ಕೆಲಸದಿಂದ ಬಂದು, ಮಿಂದು, ಚಾ ಕುಡಿದು ಒಂದು ಗಂಟೆ ಎಲೆ ಕತ್ತರಿಸುತ್ತಿದ್ದರು. ಇಪ್ಪತ್ತೈದು ವರ್ಷಕ್ಕೂ ಹೆಚ್ಚು. ಅವರು ತೀರಿಕೊಂಡ ದಿನ ಸಂಜೆ ಕತ್ತರಿಸಿಟ್ಟ ಎಲೆಗಳನ್ನು ಅಮ್ಮ ಇನ್ನೂ ಉಪಯೋಗಿಸಿಲ್ಲ, ಒದ್ದೆ ಬಟ್ಟೆ ಒಣಗಿಹೋಗಿ ಎಲೆ ಪುಡಿಯಾಗುತ್ತಿದೆ. ಅದನ್ನು ಬಿಸಾಡು ಎಂದು ಹೇಳುವ ಧೈರ್ಯ ನನಗೂ ಇಲ್ಲ, ತಮ್ಮನಿಗೂ ಇಲ್ಲ.

ಬಿದ್ದ ಮೇಲೆ ಎರಡು ವರ್ಷ ಮತ್ತೆ ಹಲಗೆ ಹತ್ತಿದರು. ನಂತರ ಒಂದು ದಿನ ತಾವೇ, "ಇನ್ನು ಓಟ ಶುರುವಾಗುವ ಗಂತಿನಲ್ಲಿ ಕೋಣ ಹಿಡಿದು ಬಿಡಲಿಕ್ಕೆ ಮಾತ್ರ ಹೋಗ್ತೇನೆ" ಎಂದರು. ಯಾಕೆ ಎಂದು ನಾವು ಕೇಳಲಿಲ್ಲ. ಆ ವರ್ಷ ನಾನು ಎಂಟನೇ ಕ್ಲಾಸು, ತಮ್ಮ ಐದು. ಅಮ್ಮ ಒಮ್ಮೆಯೂ ನಿಲ್ಲಿಸಿ ಎಂದಿರಲಿಲ್ಲ. ಹೇಳದಿದ್ದರೂ ಅಪ್ಪನಿಗೆ ಕೇಳಿಸಿತ್ತು ಎಂದು ಈಗ ನನಗೆ ಅನಿಸುತ್ತದೆ.

ನವೆಂಬರ್ 26, ಭಾನುವಾರ

ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ. ನಿನ್ನೆ, ಇವತ್ತು ಎರಡೂ ದಿನ ಮನೆಯಲ್ಲಿ ಟಿವಿ ಆರಲಿಲ್ಲ. ಉಪ್ಪಿನಂಗಡಿಯಿಂದ ಕೋಣಗಳ ಲಾರಿಗಳು ಸಾಲಾಗಿ ಹೊರಟಾಗಲೇ ಮಗನಿಗೆ ನಿದ್ದೆ ಹಾರಿತ್ತು. ಕರೆಗಳಿಗೆ ರಾಜ-ಮಹಾರಾಜ ಎಂದು ಹೆಸರು. ನಮ್ಮ ಕಡೆ ಕೋಟಿ-ಚೆನ್ನಯ, ಸೂರ್ಯ-ಚಂದ್ರ, ಸತ್ಯ-ಧರ್ಮ, ವೀರ-ವಿಕ್ರಮ ಎಂದೆಲ್ಲ ಕೇಳಿದ ಕಿವಿಗೆ ಹೊಸದು.

ಅಪ್ಪ ಇದ್ದಿದ್ದರೆ ಏನು ಹೇಳುತ್ತಿದ್ದರೋ. ಕೋಣಗಳಿಗೆ ಅಷ್ಟು ದೂರದ ಪ್ರಯಾಣ ಆಗುತ್ತದಾ, ನೀರು ಬದಲಾದರೆ ಹೊಟ್ಟೆ ಕೆಡುವುದಿಲ್ಲವಾ ಎಂದು ಮೊದಲು ಕೇಳುತ್ತಿದ್ದರು. ಅದರಲ್ಲಿ ಸಂಶಯವಿಲ್ಲ.

ಕಂಬಳ ನಿಲ್ಲುತ್ತದೆ ಎಂದಾದ ವರ್ಷಗಳು ನೆನಪಾದವು. 2014ರ ಮೇ 7ರಂದು ಸುಪ್ರೀಂ ಕೋರ್ಟಿನ ಜಲ್ಲಿಕಟ್ಟು ತೀರ್ಪು ಬಂದಾಗ ಅಪ್ಪನಿಗೆ ಮೊದಲು ಅರ್ಥವಾಗಲಿಲ್ಲ, ಅದು ತಮಿಳುನಾಡಿನದ್ದಲ್ಲವಾ ಎಂದರು. 2016ರ ನವೆಂಬರಿನಲ್ಲಿ ಹೈಕೋರ್ಟು ಕಂಬಳಕ್ಕೆ ತಡೆ ಕೊಟ್ಟಾಗ ಅರ್ಥವಾಯಿತು. ಆ ಚಳಿಗಾಲ ಗುತ್ತಿನ ಹಟ್ಟಿಯಲ್ಲಿ ಕೋಣಗಳು ಸುಮ್ಮನೆ ನಿಂತವು. 2017ರ ಜನವರಿ 28ರಂದು ಕಂಬಳ ಉಳಿಸಿ ಎಂದು ಮೂಡುಬಿದಿರೆಯಲ್ಲಿ ದೊಡ್ಡ ಪ್ರತಿಭಟನೆಯಾಯಿತು. ಊರೂರಿನಿಂದ ಕೋಣಗಳನ್ನು ಸಿಂಗರಿಸಿ ತಂದಿದ್ದರು. ಅಪ್ಪನೂ ಗುತ್ತಿನ ಜೋಡಿಯ ಹಗ್ಗ ಹಿಡಿದು ಬಂದಿದ್ದರು. ಮುಂಡಾಸು ಕಟ್ಟಿಕೊಂಡು, ಒಂದು ಕೋಣದ ಕುತ್ತಿಗೆಯ ಮೇಲೆ ಕೈಯಿಟ್ಟುಕೊಂಡು ನಡೆದವರನ್ನು ನಾನು ಮಗನನ್ನು ಎತ್ತಿಕೊಂಡು ರಸ್ತೆ ಬದಿಯಿಂದ ನೋಡಿದೆ. ಘೋಷಣೆ ಕೂಗಲಿಲ್ಲ, ಕೂಗಿ ಅಭ್ಯಾಸವಿಲ್ಲ. ಆಮೇಲೆ ರಾಜ್ಯ ಸರ್ಕಾರ ಕಾನೂನಿಗೆ ತಿದ್ದುಪಡಿ ತಂದು, 2018ರಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಈ ವರ್ಷ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿದಾಗ ಅಪ್ಪ ಇದ್ದರು. ಜಗಲಿಯಲ್ಲಿ ಕೂತು ಟಿವಿ ನೋಡಿ, "ಸರಿ, ಇನ್ನು ಹೆದರದೆ ಕೋಣಗಳಿಗೆ ಹುರುಳಿ ಬೇಯಿಸಬಹುದು" ಎಂದರು. ಅದಾಗಿ ಎರಡು ತಿಂಗಳೂ ಇರಲಿಲ್ಲ.

ಕಂಬಳವನ್ನು ವಿರೋಧಿಸುವವರ ಮಾತನ್ನು ಅಪ್ಪ ತಳ್ಳಿಹಾಕುತ್ತಿರಲಿಲ್ಲ. ಇದನ್ನು ನಾನು ಬರೆದಿಡಬೇಕು. ಪ್ರಾಯದಲ್ಲಿ ಅವರೂ ಬೆತ್ತ ಬೀಸಿದವರೇ. ಒಮ್ಮೆ ಗೆದ್ದು ಬಂದ ಪಾಂಡು ಎಂಬ ಕೋಣದ ಬೆನ್ನಿನ ಮೇಲೆ ಬರೆ ಎದ್ದದ್ದನ್ನು ಕಂಡು, ರಾತ್ರಿಯಿಡೀ ಹಟ್ಟಿಯಲ್ಲಿ ಕೂತು ತೆಂಗಿನೆಣ್ಣೆ ತಿಕ್ಕಿದರಂತೆ. "ಹೊಡೆದರೆ ಓಡುವುದು ಒಂದು ಸಲ. ತಿನ್ನಿಸಿ, ಮೀಯಿಸಿ, ಜೊತೆಗೆ ಕೆರೆಗೆ ಇಳಿದರೆ ವರ್ಷವಿಡೀ ಓಡ್ತದೆ" ಎಂದು ಅವರು ಕಿರಿಯರಿಗೆ ಹೇಳುವುದನ್ನು ನಾನೇ ಕೇಳಿದ್ದೇನೆ. ಕಂಬಳ ಉಳಿಯಬೇಕಾದರೆ ಈ ಮಾತು ಕೋರ್ಟಿನ ಆದೇಶಕ್ಕಿಂತ ಮೊದಲು ಹಟ್ಟಿಯಲ್ಲಿ ಉಳಿಯಬೇಕು ಎಂದೇ ನನ್ನ ಅಭಿಪ್ರಾಯ.

ಇವತ್ತು ಟಿವಿಯಲ್ಲಿ ಕನೆಹಲಗೆಯ ನೀರು ಎದ್ದಾಗ ಮಗ ಎದ್ದು ನಿಂತ. ಅರಮನೆ ಮೈದಾನದ ಜನವೆಲ್ಲ ಹೋ ಎಂದರು. ನಾನು ಆ ನೀರಿನಲ್ಲಿ ಯಾರನ್ನು ಹುಡುಕಿದೆ ಎಂದು ಬರೆಯಬೇಕಾಗಿಲ್ಲ.

2024 ಫೆಬ್ರವರಿ 25, ಭಾನುವಾರ

ವೇಣೂರಿನಲ್ಲಿ ಬಾಹುಬಲಿಯ ಮಹಾಮಸ್ತಕಾಭಿಷೇಕ. ಹನ್ನೆರಡು ವರ್ಷಕ್ಕೊಮ್ಮೆ. ಅಮ್ಮನ ತವರು ವೇಣೂರು, ಹಾಗಾಗಿ ಎಲ್ಲರೂ ಹೋದೆವು. 1604ರಲ್ಲಿ ಅಜಿಲ ಅರಸ ನಿಲ್ಲಿಸಿದ ಮೂವತ್ತೈದು ಅಡಿಯ ಮೂರ್ತಿ. ಹಾಲು, ಅರಿಶಿನ, ಚಂದನ ಇಳಿಯುವುದನ್ನು ನೋಡುತ್ತ ಅಮ್ಮ ಕೈಮುಗಿದು ನಿಂತಿದ್ದರು. ಕಳೆದ ಸಲ, 2012ರಲ್ಲಿ, ಅಪ್ಪ ಜೊತೆಗಿದ್ದರು. ಅಟ್ಟಣಿಗೆ ಕಟ್ಟಿದ್ದನ್ನೇ ಮೇಸ್ತ್ರಿಯ ಕಣ್ಣಿನಲ್ಲಿ ಬಹಳ ಹೊತ್ತು ನೋಡಿದ್ದರು.

ಸಂಜೆ ಮಾವನ ಮನೆಯಲ್ಲಿ ಮಾತೆಲ್ಲ ಕಂಬಳಕ್ಕೇ ತಿರುಗಿತು. ಪೆರ್ಮುಡದ ಸೂರ್ಯ-ಚಂದ್ರ ಕರೆ ಇಲ್ಲಿಂದ ಹತ್ತಿರ. 2020ರ ಫೆಬ್ರವರಿ 1ರಂದು ಐಕಳದಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಎರಡು ವಾರ ಕಳೆದು ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರಿಗೆ 13.61 ತೆಗೆದರು. ದೇಶವೆಲ್ಲ ನೂರು ಮೀಟರಿಗೆ ಲೆಕ್ಕ ಹಾಕಿ ಉಸೇನ್ ಬೋಲ್ಟನ 9.58ರ ಪಕ್ಕದಲ್ಲಿಟ್ಟಿತು. ಕೇಂದ್ರದ ಕ್ರೀಡಾ ಸಚಿವರೇ ಗೌಡರನ್ನು ಪರೀಕ್ಷೆಗೆ ಕರೆದರು. ಗೌಡರು ಒಪ್ಪಲಿಲ್ಲ. ಕಂಬಳದಲ್ಲಿ ಓಡುವುದು ಹಿಮ್ಮಡಿಯಲ್ಲಿ, ಟ್ರ್ಯಾಕಿನಲ್ಲಿ ಓಡುವುದು ಬೆರಳ ತುದಿಯಲ್ಲಿ ಎಂದರು.

ಆ ಸುದ್ದಿ ಬಂದ ದಿನ ಅಪ್ಪನ ಮುಖ ನನಗೆ ನೆನಪಿದೆ. ಗೌಡರು ಕಟ್ಟಡ ಕೆಲಸದವರು ಎಂದು ಓದಿ, "ನಮ್ಮ ಕೆಲಸದ ಹುಡುಗ" ಎಂದು ನಾಲ್ಕು ಸಲ ಹೇಳಿದ್ದರು. ಹಿಮ್ಮಡಿಯ ಮಾತು ಬಂದಾಗ ತಮ್ಮ ಎಡಗಾಲು ಎತ್ತಿ ನನ್ನ ಮಗನಿಗೆ ತೋರಿಸಿದರು. ಗದ್ದೆಯ ಮಣ್ಣು ಬೇಸಿಗೆಯಲ್ಲಿ ಒಡೆದಂತೆ ಹಿಮ್ಮಡಿ ಒಡೆದಿತ್ತು. ಆ ಬಿರುಕುಗಳಲ್ಲಿ ಸಿಮೆಂಟಿನ ಬೂದು ಬಣ್ಣ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಅಮ್ಮ ರಾತ್ರಿ ಮಲಗುವಾಗ ಹರಳೆಣ್ಣೆ ಹಚ್ಚಿ ಉಜ್ಜುತ್ತಿದ್ದರು. "ಇದು ಸತ್ಯ" ಎಂದರು ಅಪ್ಪ, ಬೆರಳಿನಿಂದ ಹಿಮ್ಮಡಿ ತಟ್ಟುತ್ತ. "ಆ ಹುಡುಗ ಸರಿಯಾಗಿ ಹೇಳಿದ."

ಮತ್ತೊಂದು ಮಾತೂ ಹೇಳಿದರು. ಆ ವೇಗದಲ್ಲಿ ಕೋಣದ ಪಾಲೂ ಇದೆ, ಅದನ್ನು ಯಾರೂ ಬರೆಯುವುದಿಲ್ಲ ಎಂದು.

ಗುಣಪಾಲ ಕಡಂಬರು 2011ರಲ್ಲಿ ಕಂಬಳ ಅಕಾಡೆಮಿ ಕಟ್ಟಿ ಹುಡುಗರಿಗೆ ತರಬೇತಿ ಶುರುಮಾಡಿದಾಗ ಶ್ರೀನಿವಾಸ ಗೌಡರು ಮೊದಲ ತಂಡದಲ್ಲೇ ಕಲಿತವರು. ಅಪ್ಪನ ಕಾಲದಲ್ಲಿ ಕಲಿಸುವವರಿರಲಿಲ್ಲ. ಅಭ್ಯಾಸದ ಕುದಿ ಕಂಬಳದಲ್ಲಿ ಹಿರಿಯರು ನಿಲ್ಲುವುದನ್ನು ನೋಡಿ, ಬಿದ್ದು, ಎದ್ದು, ಬೈಸಿಕೊಂಡು ಕಲಿತದ್ದು. ಓಟದ ವೇಳೆ ಅಳೆಯುವ ಲೇಸರ್ ಇರಲಿಲ್ಲ, ವಿಡಿಯೋ ಇರಲಿಲ್ಲ. ಗೆದ್ದ ಜೋಡಿಯ ಯಜಮಾನರ ಹೆಸರು ಮರುದಿನದ ಪೇಪರಿನಲ್ಲಿ ಬಂದರೆ ಓಡಿಸಿದವರ ಹೆಸರು ಎಷ್ಟೋ ಸಲ ಬರುತ್ತಿರಲಿಲ್ಲ. ಚಿನ್ನ ಯಜಮಾನರದ್ದು. ಓಡಿಸಿದವರಿಗೆ ಅವರು ಸಂತೋಷದಿಂದ ಕೊಟ್ಟಷ್ಟು. ಅಪ್ಪ ಅದರಲ್ಲಿ ಮೊದಲು ತೆಗೆಯುತ್ತಿದ್ದದ್ದು ಜಾತ್ರೆಯ ಸಂತೆಯಲ್ಲಿ ನಮಗೆ ಖರ್ಜೂರ, ಅಮ್ಮನಿಗೆ ಬಳೆ. ಭಾನುವಾರ ಮಧ್ಯಾಹ್ನ ಕೆಸರು ಒಣಗಿದ ಮೈಯಲ್ಲೇ ಬಂದು, ಬಾವಿಕಟ್ಟೆಯಲ್ಲಿ ಮಿಂದು, ನಿದ್ದೆಗೆಟ್ಟ ಕೆಂಪು ಕಣ್ಣಿನಲ್ಲೇ ಹಂಡೆಗೆ ಬೆಂಕಿ ಹಾಕಿ ನನಗೂ ತಮ್ಮನಿಗೂ ಎಣ್ಣೆ ಹಚ್ಚಿ ಮೀಯಿಸುತ್ತಿದ್ದರು. ವಾರದಲ್ಲಿ ಒಂದು ದಿನದ ಆ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ಕೋಣಗಳಿಗೆ ಎಣ್ಣೆ ತಿಕ್ಕಿದ ಕೈ. ನಮ್ಮ ತಲೆಗೂ ಅಷ್ಟೇ ಒತ್ತಿ ತಿಕ್ಕುತ್ತಿದ್ದರು.

ಏಪ್ರಿಲ್ 14, ಭಾನುವಾರ, ಬಿಸು

ಬೆಳಿಗ್ಗೆ ಬೇಗ ಎದ್ದು ಕಣಿ ನೋಡಿದೆವು. ಅಮ್ಮ ಈ ಸಲ ನಮ್ಮ ಮನೆಗೆ ಬಂದಿದ್ದಾರೆ. ಬಾಳೆಹಣ್ಣು, ಸೌತೆ, ಗೇರುಹಣ್ಣು, ಕನ್ನಡಿ, ತಮ್ಮ ಕರಿಮಣಿ ಸರ ಎಲ್ಲ ಇಟ್ಟು, ಬದಿಯಲ್ಲಿ ಒಂದು ಫೋಟೋ ಇಟ್ಟಿದ್ದರು. ಅದನ್ನು ನಾನು ಹಿಂದೆ ನೋಡಿರಲಿಲ್ಲ. ಟ್ರಂಕಿನ ತಳದಲ್ಲಿ ಸೀರೆಯೊಳಗೆ ಇತ್ತಂತೆ.

ಅಪ್ಪ ಕನೆಹಲಗೆಯ ಮೇಲೆ ಇರುವ ಒಂದೇ ಫೋಟೋ. ಕಪ್ಪು-ಬಿಳುಪು. ಎರಡು ಕೋಣಗಳ ತಲೆ, ಕೊಂಬು, ಎದೆಯವರೆಗೆ ಎದ್ದ ಕೆಸರು. ಅದರ ಹಿಂದೆ ಬೀಸಣಿಗೆಯ ಹಾಗೆ ಎರಡು ಕಡೆಗೆ ಹರಡಿಕೊಂಡು ಮೇಲೇರಿದ ನೀರು, ನಿಶಾನೆಯ ಬಟ್ಟೆಯನ್ನು ದಾಟಿದೆ. ದಡದಲ್ಲಿ ಬಾಯಿ ತೆರೆದು ನಿಂತ ಜನ ಸ್ಪಷ್ಟವಾಗಿ ಕಾಣುತ್ತಾರೆ. ಅಪ್ಪ ಕಾಣುವುದಿಲ್ಲ. ನೀರಿನ ನಡುವೆ ಒಂದು ಮೊಣಕೈ, ಎತ್ತಿದ ಬೆತ್ತದ ತುದಿ, ಅಷ್ಟೇ.

"ಅಜ್ಜ ಎಲ್ಲಿ?" ಎಂದು ಮಗ ಕೇಳಿದ. ಅಮ್ಮ ನೀರಿನ ಮೇಲೆ ಬೆರಳಿಟ್ಟು ತೋರಿಸಿದರು. "ಇಲ್ಲಿ. ನೀರು ಸರಿಯಾಗಿ ಎದ್ದರೆ ನಿಂತವರು ಕಾಣುವುದಿಲ್ಲ. ಕಂಡರೆ ಅವತ್ತು ಸೋತ ಹಾಗೆ."

ಮಧ್ಯಾಹ್ನ ಪಾಯಸ ಉಂಡು, ಬಿಸಿಲು ಇಳಿದ ಮೇಲೆ ಮೂವರೂ ಒಂಟಿಕಟ್ಟೆಯ ಕಡಲಕೆರೆಗೆ ಹೋದೆವು. ಕಂಬಳದ ಋತು ಮುಗಿದಿದೆ, ಕರೆಯ ಬಳಿ ಯಾರೂ ಇರಲಿಲ್ಲ. ಅಮ್ಮ ದಂಡೆಯ ಮೇಲೆ ಚಪ್ಪಲಿ ಬಿಟ್ಟು ಸ್ವಲ್ಪ ದೂರ ನಡೆದರು. ಇಷ್ಟು ವರ್ಷಗಳಲ್ಲಿ ಅವರು ಒಂದು ಕಂಬಳವನ್ನೂ ನೋಡಿದವರಲ್ಲ. ಶನಿವಾರ ರಾತ್ರಿಗಳಲ್ಲಿ ಮಕ್ಕಳನ್ನು ಮಲಗಿಸಿ ಬೀಡಿ ಕಟ್ಟುತ್ತ ಎದ್ದಿರುತ್ತಿದ್ದರು. ಕರೆಯ ಉದ್ದವನ್ನು ಕಣ್ಣಿನಲ್ಲಿ ಅಳೆದು, "ಇಷ್ಟೇನಾ?" ಎಂದರು. ಮತ್ತೆ ತುಸು ಹೊತ್ತು ಬಿಟ್ಟು, "ಇಷ್ಟಕ್ಕೆ ಹೋಗಿ ಬರ್ತಿದ್ದದ್ದಾ ಇವರು" ಎಂದರು. ದನಿಯಲ್ಲಿ ಕೋಪವಿರಲಿಲ್ಲ.

ಮನೆಗೆ ಬಂದು ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಅಪ್ಪನ ಹೆಸರು ಬರೆದೆ. ಕೆಳಗೆ ಕೋಣಗಳ ಹೆಸರು ಬೊಳ್ಳ, ಪಾಂಡು. ವಿಭಾಗ ಕನೆಹಲಗೆ. ಊರು ಕಾವಳಕಟ್ಟೆ ಎಂದು ಅಮ್ಮ ಹೇಳಿದರು. ವರ್ಷ 1989 ಅಥವಾ 90, ತಮ್ಮ ಹುಟ್ಟುವುದಕ್ಕೆ ಮೊದಲು.